ಬೋಗ್ದೆಯ ಈ ಬಾಯಿ

ಮೊದಲು ಗಾಳಿ.
ಆಮೇಲೆ ಹಳಿಯಲ್ಲಿ ಸಣ್ಣಗೆ ಜುಮುಜುಮು.
ಆಮೇಲೆ ರೈಲು.

ಗುಡ್ಡದ ಆ ಬಾಯಿಗೆ ಗಾಡಿ ನುಗ್ಗಿದರೆ
ಒಳಗಿದ್ದ ಗಾಳಿಗೂ ಜಾಗ ಬೇಕಲ್ಲ,
ಈ ಬಾಯಿಂದ ಹೊರಬಿದ್ದು
ತಂತಿಯ ಮೇಲಿನ ಬಟ್ಟೆ ಎತ್ತಿ
ಅತ್ತೆಯ ಒಲೆಬೂದಿ ಹಾರಿಸಿ
ಗದ್ದೆ ದಾಟಿ ಸಮುದ್ರಕ್ಕೆ ಹೋಗುತ್ತದೆ.
ನಾನು ಮೂಗು ಎತ್ತುತ್ತೇನೆ.
ಆ ಬಾಯಿ ನನ್ನ ತವರು.

ಈ ಊರಿಗೆ ಮೊದಲು ಮಾಣಿಕೇರಿ ಎಂಬ ಹೆಸರಿತ್ತಂತೆ.
ಈಗ ಕಾರವಾರದ ಬಸ್ಸಿನ ಕಂಡಕ್ಟರೂ
ಬೋಗ್ದೆಕೇರಿ, ಬೋಗ್ದೆಕೇರಿ ಎಂದೇ ಕೂಗುವುದು.
ಗುಡ್ಡದ ಹೊಟ್ಟೆಯ ಕಲ್ಲು ಮನೆಮನೆಯ ಪಂಚಾಂಗದಲ್ಲಿದೆ.
ಜಟಗನನ್ನೂ ಇಪ್ಪತ್ತು ಮಾರು ಪಡುವಣಕ್ಕೆ ಸರಿಸಿದರು,
ಇಂಜಿನಿಯರೇ ಕೋಳಿ ಕೊಟ್ಟು ತಪ್ಪುಕಾಣಿಕೆ ಇಟ್ಟನಂತೆ.
ತುಳುಸಜ್ಜಿಯ ಒಲೆ ಹಳಿಯ ಈಚೆ, ಬಾವಿ ಆಚೆ.
ಕೊಡ ಹೊತ್ತು ನಿಂತವಳಿಗೆ
ಮಂಗಳಾ, ನೇತ್ರಾವತಿ, ಮತ್ಸ್ಯಗಂಧಾ
ಮೂವರೂ ಬಿಂಕದ ನಾದಿನಿಯರು:
'ಹೋಗೇ ಮಾರಾಯ್ತಿ, ನೀನೇ ಮೊದ್ಲು ಹೋಗು.'
ಒಂದೂ ಇಲ್ಲಿ ನಿಲ್ಲುವುದಿಲ್ಲ.

ಜೂನಿನಲ್ಲಿ ಮಳೆಗಾಲದ ವೇಳಾಪಟ್ಟಿ ಬಂದರೆ ಮಾತ್ರ
ಗಾಡಿಗಳು ಬಸುರಿಯರ ಹಾಗೆ ನಡೆಯುತ್ತವೆ.
ಆಗ ಕಿಟಕಿಗೆ ಮುಖ ಮೂಡುತ್ತದೆ:
ಬಾಳೆಹಣ್ಣು ಸುಲಿಯುವ ಮುದುಕ,
ಕನ್ನಡಿಯಿಲ್ಲದೆ ಜಡೆ ಹೆಣೆಯುವ ಹುಡುಗಿ.
ಬೇಸಿಗೆಯಲ್ಲಿ ಇವರೆಲ್ಲ ಬರೀ ಬಣ್ಣದ ಗೀರು.

ಒಮ್ಮೆ ಲಾರಿಗಳನ್ನು ಹೊತ್ತ ರೈಲು ಸಿಗ್ನಲ್ಲಿಗೆ ನಿಂತು
ಲಾರಿಯಿಂದ ಒಬ್ಬ ಸರ್ದಾರ್ಜಿ ಇಳಿದ, ಕೈಸನ್ನೆಯಲ್ಲಿ ಉಪ್ಪು ಕೇಳಿದ.
ಅತ್ತೆ ಗರಟೆ ತುಂಬ ಕೊಟ್ಟಳು.
ಏಳು ವರ್ಷವಾಯಿತು. ಉಪ್ಪಿನ ಮಾತಿಲ್ಲ,
ಗರಟೆ ಒಳ್ಳೆಯದಿತ್ತು ಎನ್ನುತ್ತಾಳೆ.

ನನ್ನ ಮದುವೆ ಕುದುರಿದ್ದು ಗುಡ್ಡದ ಒಳಗೆ.
ಆ ಬಾಯಿಂದ ಅಪ್ಪ, ಈ ಬಾಯಿಂದ ಮಾವ
ಲಾಟೀನು, ಸೀಟಿ, ಹಳಿಗೆ ಕಟ್ಟುವ ಪಟಾಕಿ ಹಿಡಿದು
ರಾತ್ರಿಪಾಳಿ ನಡೆದು
ನಟ್ಟನಡುವಿನ ಗೂಡಿನಲ್ಲಿ ಸಹಿಪುಸ್ತಕ ಬದಲಿಸಿಕೊಳ್ಳಬೇಕು.
ಒಂದು ಕವಳ ಹಾಕುವಷ್ಟು ಹೊತ್ತು.
ಹನ್ನೊಂದು ವರ್ಷದ ಕವಳದಲ್ಲಿ ಒಂದು ದಿನ
'ನಂಗೊಬ್ಬ ಮಗ ಇದ್ದಾನೆ.'
'ನಂಗೊಬ್ಳು ಮಗಳು.'
ಗೋಡೆಯಿಂದ ನೀರು ತೊಟ್ಟಿಕ್ಕುತ್ತಿತ್ತಂತೆ.
ಜಾತಕ ನೋಡಿದ್ದು ಅಷ್ಟೇ.

ಮದುವೆಯ ದಿನ, ಚಪ್ಪರದಾಚೆ, ಮಟಮಟ ಮಧ್ಯಾಹ್ನ
ಅಪ್ಪ ಬೀಗರನ್ನು ಹುಡುಕಿದ.
ಮಾವನ ಎದುರೇ ನಿಂತು ಮಾವನನ್ನೇ ಕೇಳಿದ:
'ಜಟ್ಟು ಗೌಡ ಬಂದ್ನಾ?'
ಹಗಲಲ್ಲಿ ಒಬ್ಬರನ್ನೊಬ್ಬರು ಕಂಡವರೇ ಅಲ್ಲ.
ಮಾವ ಮಾತಾಡದೆ ಸಂಚಿ ಬಿಚ್ಚಿ
ಅಡಕತ್ತರಿಯಲ್ಲಿ ಒಂದು ಹೋಳು ಕತ್ತರಿಸಿದ.
ಆ ಟಕ್ಕಿಗೆ ಅಪ್ಪನ ಕಿವಿ ಮೊದಲು ತಿರುಗಿತು, ಆಮೇಲೆ ಕಣ್ಣು.
'ಅಯ್ಯ, ಇಷ್ಟು ನರೆತಿದ್ಯಾ ನೀನು?'

ಆಮೇಲೆ ಬೆಳಗಾಗೆದ್ದರೆ ಮಾವನ ಚೀಲದಲ್ಲಿ
'ಕುಸ್ಲಿಗೆ' ಎಂದು ಏನಾದರೊಂದು ಬರುತ್ತಿತ್ತು:
ಒಣ ಸೆಟ್ಲಿ, ಅವ್ವ ಕರಿದ ಸಂಡಿಗೆ,
ನಾನು ಮರೆತು ಬಂದ ಒಂಟಿ ಕಿವಿಯೋಲೆ.
ನನಗೆ ಮೂರು ತಿಂಗಳೆಂದು ಹೇಳಿಕಳಿಸಿದ್ದೂ ಅದೇ ದಾರಿಯಲ್ಲಿ.
ನಾಚಿಕೊಂಡು ಮಾವ ಪಿಸುಗುಟ್ಟಿದರೂ
ಗುಡ್ಡ ಅದನ್ನು ನಾಲ್ಕು ಸಲ ಹೇಳಿತಂತೆ.

ಈಗ ಇಬ್ಬರಿಗೂ ನಿವೃತ್ತಿ.
ಬೋಗ್ದೆಯಲ್ಲಿ ಕರೆಂಟಿನ ತಂತಿ, ಹೊಸ ಹುಡುಗರ ಕೈಯಲ್ಲಿ ಬ್ಯಾಟರಿ.
ರಸ್ತೆಯ ಮೇಲಿಂದಾದರೆ ಎರಡು ಬಸ್ಸು,
ನಾಲ್ಕು ಮೊಣಕಾಲು ಒಪ್ಪಬೇಕು.
ಫೋನು ಹಚ್ಚಿಕೊಟ್ಟರೆ
ಈಚೆಯಿಂದ 'ಹಾಂ', ಆಚೆಯಿಂದ 'ಹಾಂ',
ಬೆಳಕಿನಲ್ಲಿ ಅವರಿಗೆ ಮಾತು ಹೊರಡುವುದಿಲ್ಲ.

ನಡುರಾತ್ರಿ ಮಾವ ಎದ್ದು ದಿಬ್ಬಕ್ಕೆ ಹೋಗಿ ಕೂರುತ್ತಾನೆ.
ಆ ಕಡೆಯ ಗಾಡಿಯ ಗಾಳಿ ಬಂದಾಗ
ಟಕ್ ಎಂದು ಅಡಕೆ ಕತ್ತರಿಸಿ
ಒಂದು ಕವಳ ಬಾಯಿಗೆ ಹಾಕಿ, ಒಂದನ್ನು ಮಡಿಸಿ
ಪಕ್ಕದ ಕಲ್ಲಿನ ಮೇಲೆ ಇಟ್ಟು ಬರುತ್ತಾನೆ.

ಬೆಳಿಗ್ಗೆ ಅದನ್ನು ತಿನ್ನುವುದು ತುಳುಸಜ್ಜಿ.
ಯಾರಿಟ್ಟದ್ದೆಂದು ಕೇಳಲು ಅವಳಿಗೆ ಪುರಸೊತ್ತಿಲ್ಲ,
ಕೊಡ ತುಂಬಿದೆ, ಹಳಿ ಜುಮುಗುಡುತ್ತಿದೆ.