ಪಾಸಂಗದ ಕಲ್ಲು

ನಾಕಕ್ಕ ಬರತೈತಿ ಬೆಳಗಾವಿ ಲಾರಿ,
ಮಾಪ್ಸಾ ಮಾರ್ಕೆಟ್ಟಿನ ಹಿಂದ.
ಮೆಂತೆದ ಸೂಡಿನ ಬೇರಿನಾಗ
ಘಟ್ಟದ ಥಂಡಿ ಇನ್ನೂ ಆರಿರೂದಿಲ್ಲ.
ಇಳಸ್ಕೊಂತೀನಿ: ಎರಡು ಚೀಲ ಗಜ್ಜರಿ,
ಒಂದು ಬುಟ್ಟಿ ಹಸಿಮೆಣಸಿನಕಾಯಿ,
ಮತ್ತ ನಿನ್ನಿ ರಾತ್ರಿ ಮುಗೀದ ಮಾತು.

ತಮ್ಮ ಫೋನ್ ಮಾಡಿದ್ದ ತಿರುಪ್ಪೂರಿಂದ.
"ಬಂದ್ಬಿಡ ಅಕ್ಕಾ. ಬನಿಯನ್ ಕಂಪನಿ,
ಶನಿವಾರಕ್ಕೊಮ್ಮೆ ಪಗಾರ.
ಮಾವಗ ಗೇಟಿನ ಕೆಲಸ, ಕುರ್ಚಿ ಮ್ಯಾಲೆ ಕೂಡೂದು.
ನೀ ದಾರ ಕತ್ತರಸೂದು.
ಮಳಿ ಬಂದರ ಒಳಗ ಇರತಿ."

ಮಳಿ ಬಂದರ ಒಳಗ ಇರತಿ.
ಆ ಒಂದು ಮಾತು ತಕ್ಕಡಿಗೆ ಧಪ್ಪಂತ ಬಿತ್ತು.
ಅದರ ಮ್ಯಾಲೆ ಹೊಳಿಯಪ್ಪನ ಟೊಂಕ,
ಚಿರೇಕಲ್ಲು ಹೊತ್ತು ಹೊತ್ತು
ಈಗ ಚಪ್ಪಲಿ ಹಾಕ್ಕೊಳ್ಳಾಕೂ ಗ್ವಾಡಿ ಹಿಡೀತಾನ.

ಈ ಕಡೆ ಏನಿಡಲಿ?
ಐನೂರರ ಕಲ್ಲು ಐತಿ, ಇನ್ನೂರರದು ಐತಿ.
ಐವತ್ತರದು ಕಳದು ಮೂರು ವರ್ಷ.
ಅದರ ಬದಲಿ ಎರಡು ಸಣ್ಣ ಸೆಲ್ಲು,
ಒಂದು ಹಳೇ ಐದರ ನಾಣ್ಯ.
ಗಿರಾಕಿ ನಗತಾರ. ತೂಕ ಮಾತ್ರ ಸರಿ ಬರತೈತಿ.

ಶುಕ್ರವಾರದ ಭೀಸಿ ಇಡತೀನಿ.
ಹನ್ನೊಂದು ಮಂದಿ, ನನ್ನ ಪಾಳಿ ಒಂಬತ್ತನೇದು.
ನನ್ನ ರೊಕ್ಕ ಸದ್ಯ
ರುದ್ರವ್ವನ ಮನ್ಯಾಗ ಫ್ರಿಜ್ ಆಗಿ ನಿಂತೈತಿ.
ಅದನ್ನ ಬಿಟ್ಟು ಹೆಂಗ ಹೋಗಲಿ?

ಹದಿನೈದು ವರ್ಷ ಇದ್ದರ
ಇಲ್ಲಿಯವರು ಅಂತ ಕಾಗದ ಸಿಗತೈತಂತ.
ನಮಗ ಹದಿಮೂರು ಮುಗದು ಮ್ಯಾಲೆ ಒಂದು ಆಷಾಢ.
ಅಲ್ಲಿ ಹೋದರ ಮತ್ತ ಒಂದರಿಂದ ಎಣಿಕಿ.
ವರ್ಷಾನ ಗಂಟು ಕಟ್ಟಿ
ರೈಲಿನ ಸೀಟಿನ ಬುಡಕ ತಳ್ಳಾಕ ಬರತೈತೇನು?

ಇಲ್ಲಿ ನಮಗ ಘಾಟಿ ಅಂತಾರ.
ಘಟ್ಟ ಇಳದು ಬಂದವರು. ಸುಳ್ಳೇನಲ್ಲ ಅದು,
ಅನ್ನೂ ಧಾಟಿ ಅಷ್ಟ ಖಾರ.
ಹದಿಮೂರು ವರ್ಷದಾಗ ಕಿವಿ ದಡ್ಡುಗಟ್ಟೈತಿ.
ತಿರುಪ್ಪೂರಿನಾಗ ಏನಂತಾರೋ,
ಗೊತ್ತಿಲ್ಲದ ಬೈಗುಳಕ್ಕ ಎಷ್ಟು ಗ್ರಾಮು ಹಿಡೀಲಿ?

ಮನಿ ಒಡತಿ ಎಸ್ಪೆರಾನ್ಸ್ ಬಾಯಿ
ಬಾಡಿಗಿ ಐನೂರು ಏರಿಸ್ಯಾಳ.
ನಾತಾಳಕ್ಕ ನೇವರಿ ಕಳಸ್ತಾಳ, ಒಡದವನ್ನ ಆರಿಸಿ.
ಒಡದರೇನು, ಒಳಗ ಕೊಬ್ಬರಿ ಅಷ್ಟೇ ಇರತೈತಿ.
ಇವನ್ನ ಯಾವ ಕಡೆ ಇಡಬೇಕಂತ ತಿಳೀದ
ಕೈಯಾಗ ಹಿಡಕೊಂಡು ಕುಂತೀನಿ.

ಸಾವಂತ್ರಿ, ಒಂಬತ್ತನೇತ್ತೆ,
ಪುಸ್ತಕದಿಂದ ಮುಖ ಎತ್ತದನ "ಹಾಂವ ಯೇನಾ" ಅಂದಳು.
ಬರಂಗಿಲ್ಲ ಅಂತ ಕನ್ನಡದಾಗ ಅಂದಿದ್ದರ
ಬೆನ್ನಿಗೆ ಒಂದು ಕೊಡತಿದ್ದೆ.
ಕೊಂಕಣಿಯೊಳಗ ಅಂದಳು.
ಆ ಮಾತಿನ ಹಿಂದ ಇಡೀ ಓಣಿ ನಿಂತಂಗಾತು,
ಕೈ ಏಳಲಿಲ್ಲ.

ಹೊಳಿಯಪ್ಪ ಏನೂ ಅನ್ನಲಿಲ್ಲ. ದೀಪ ಆರಿಸಿದ ಮ್ಯಾಲೆ
"ಕುರ್ಚಿಗೆ ಬೆನ್ನು ಐತಂತೇನು?" ಅಂತ ಕೇಳಿದ.
ತಮ್ಮನ್ನ ಕೇಳಿರಲಿಲ್ಲ ನಾ.

ಈ ತಕ್ಕಡಿ ಹುಟ್ಟಾ ಓರೆ.
ಏನೂ ಇಡದಿದ್ದರೂ ಎಡಕ್ಕ ವಾಲತಿತ್ತು.
ಬಂದ ಮೊದಲ ವಾರ ಗಟಾರದ ದಂಡಿಗೆ
ಒಂದು ಕೆಂಪು ಹಳ್ಳು ಸಿಕ್ಕಿತ್ತು,
ಬಲಗಡೆ ಪರಡಿ ಬುಡಕ ಕಟ್ಟಿದೆ, ಪಾಸಂಗಕ್ಕ.
ಅವತ್ತಿಂದ ಮುಳ್ಳು ನೆಟ್ಟಗ ನಿಂದರತೈತಿ.
ಹೋಗೂದಾದರ ಅದನ್ನ ಬಿಚ್ಚಿ ಇಲ್ಲೇ ಒಗೀಬೇಕೋ,
ಕಟ್ಟಿದ್ದನ್ನ ಕಟ್ಟಿದಂಗ ಒಯ್ಯಬೇಕೋ.
ಬನಿಯನ್ ಕಂಪನ್ಯಾಗ ತಕ್ಕಡಿ ಯಾತಕ್ಕ ಅಂತಾನ ತಮ್ಮ.
ಅದೂ ಖರೇನ.

ಬೆಳಕಾತು. ಪಾವಿನವನ ಸೈಕಲ್ ಪೊಂಪ್ ಪೊಂಪ್ ಅಂತ ಹೋತು.
ಮೊದಲ ಗಿರಾಕಿ ಗಜ್ಜರಿ ಮುರದು ನೋಡಿ
"ಬಾಯ್, ಕಿತ್ಲೆ?" ಅಂದಳು.

"ಚಾಳೀಸ" ಅಂದೆ.
ಒಳಗ ನಲವತ್ತು ಅಂತ ಎಣಿಸಿದೆ.
ಅಲ್ಲಿ ಇದಕ್ಕ ಏನಂತಾರ,
ಶನಿವಾರ ಫೋನ್ ಬಂದರ ಕೇಳಬೇಕು.
ಕುರ್ಚೀದೂ.