ಎರಡೂವರೆ ಕಪ್

ಈ ವರ್ಷ ನಮ್ಮ ಕ್ಲಬ್ಬಿನ ಮಕ್ಕಳು ಮೂರು ಕಪ್ ಗೆದ್ದರು.
ಹನ್ನೆರಡರೊಳಗಿನವರು ಒಂದು, ಹದಿನಾಲ್ಕರವರು ಒಂದು,
ಹದಿನಾರರ ಹುಡುಗಿಯರು ಒಂದು.
ಶಿಡ್ಲಘಟ್ಟದಲ್ಲಿ ಹಿಂದೆಂದೂ ಹೀಗಾಗಿದ್ದಿಲ್ಲ.
ಫ್ಲೆಕ್ಸ್ ಅಂಗಡಿಗೆ ಹೋಗುತ್ತ ಕಾರ್ಯದರ್ಶಿ ಬಚ್ಚರೆಡ್ಡಿ
ನನ್ನ ಬಾಗಿಲಲ್ಲಿ ಸ್ಕೂಟರ್ ನಿಲ್ಲಿಸಿ, ಇಳಿಯದೆ:
"ಲೆಕ್ಕ ಎಲ್ಲ ಕೂಡಿ ಇಟ್ಟಿರಿ ಸಾರ್,
ಒಟ್ಟು ರನ್ನೆಷ್ಟು, ವಿಕೆಟ್ಟೆಷ್ಟು,
ದಪ್ಪಕ್ಷರದಲ್ಲಿ ಹಾಕಿಸೋಣ."

ನಾನು ಸ್ಕೋರರ್.
ಅದಕ್ಕೂ ಮುಂಚೆ ಗೂಡಿನ ಮಾರ್ಕೆಟ್ಟಿನಲ್ಲಿ
ಮೂವತ್ತೊಂದು ವರ್ಷ ತೂಕದ ಗುಮಾಸ್ತ.
ಜಾಲರಿ ತುಂಬ ಹಳದಿ ಗೂಡು, ಬಿಳಿ ಗೂಡು,
ರೈತ ಮುಳ್ಳು ನೋಡುತ್ತಿದ್ದ, ರೀಲರ್ ನನ್ನ ಮುಖ ನೋಡುತ್ತಿದ್ದ,
ನಾನು ಇಬ್ಬರನ್ನೂ ನೋಡದೆ ಬರೆಯುತ್ತಿದ್ದೆ.
ಗ್ರಾಂ ಆಚೀಚೆ ಆಗಿಲ್ಲ ಅಂತ ನನ್ನದೊಂದು ಜಂಬ.

ರಾತ್ರಿ ಪುಸ್ತಕ ಬಿಚ್ಚಿದೆ.
ಪುಟದ ಮೇಲೆ ಮ್ಯಾಟಿನ ತೆಂಗಿನ ನಾರು,
ಒಂದು ಕಡೆ ಮಸಾಲೆ ವಡೆಯ ಎಣ್ಣೆ.
ರುಖಿಯಾಳ ಐದು ವಿಕೆಟ್ಟು: ಚುಕ್ಕಿ, ಚುಕ್ಕಿ, ಡಬ್ಲ್ಯೂ, ಚುಕ್ಕಿ.
ಅವಳು ಶೂ ಇಲ್ಲದೆ ಬೌಲ್ ಮಾಡಿದಳು
ಅನ್ನುವುದಕ್ಕೆ ಪುಸ್ತಕದಲ್ಲಿ ಮನೆ ಇಲ್ಲ.
ಹನ್ನೆರಡರೊಳಗಿನ ಗೋಪಿನಾಥ, ಹೆಲ್ಮೆಟ್ಟು ಮೂಗಿಗೆ ಬರುತ್ತಿತ್ತು,
ಒಂದು ಗಂಟೆ ನಿಂತು ಏಳು ರನ್ನು.
ಏಳು ಅಂತ ಬರೆದಿದ್ದೇನೆ. ಅಷ್ಟೇ ಬರೆಯಲು ಬರುವುದು.

ಹದಿನಾಲ್ಕರ ಫೈನಲ್ಲು. ಎದುರು ಚಿಂತಾಮಣಿ.
ನಮ್ಮದು ನೂರ ಮೂವತ್ತೊಂದು, ಅವರದು ನೂರ ಮೂವತ್ತು.
ಹದಿನೇಳನೇ ಓವರ್. ಲೆಗ್ ಬೈ ಒಂದು.
ಅದೇ ಲೆಗ್ ಬೈ, ಪಕ್ಕದಲ್ಲಿ, ಇನ್ನೊಂದು.
ಕನ್ನಡಕ ಒರೆಸಿದೆ. ಓವರಿನಲ್ಲಿ ಚೆಂಡು ಎಣಿಸಿದೆ.
ಬೌಲರನ ಕಡೆಯಿಂದ ಕೂಡಿದೆ, ಬ್ಯಾಟಿನ ಕಡೆಯಿಂದ ಕೂಡಿದೆ,
ಬೆರಳು ಮಡಿಸಿ ಕೂಡಿದೆ.
ನೂರ ಮೂವತ್ತು.

ಆಗ ಟೀ ಬಂದಿತ್ತು, ನೆನಪಾಯಿತು.
ಅವರ ಸ್ಕೋರರ್, ಚಿಕ್ಕ ಹುಡುಗ,
ಲೋಟ ಹಿಡಿದು ನನ್ನ ಪುಟ ನೋಡಿ ಬರೆದುಕೊಂಡ.
ಹಿರಿಯರು, ತಪ್ಪಿರಲಾರದು ಅಂದುಕೊಂಡಿರಬೇಕು.

ಅವರ ಕೊನೆಯವನು ಸಮ ಮಾಡಲೆಂದು ಓಡಿದ.
ಡೀಪಿನಿಂದ ತೌಸೀಫ್ ಎಸೆದ.
ಮನೆಯ ಬಾನಿಯಲ್ಲಿ ಗೂಡು ಬೇಯಿಸಿ ತುದಿ ಬೆಳ್ಳಗಾದ ಬೆರಳು,
ಆ ಕೈಯ ಎಸೆತ ಒಂದೇ ಸ್ಟಂಪಿಗೆ ತಗುಲಿತು.
ಹುಡುಗ ಮ್ಯಾಟಿನ ಮೇಲೆ ಬೋರಲು ಬಿದ್ದು ಅತ್ತ.
ಏಳಿಸಲು ಅವನ ಅಪ್ಪ ಬರಬೇಕಾಯಿತು.
ಯಾವ ಸಮಕ್ಕೆ ಓಡಿದನೋ ಅದು ಆಗಲೇ ಆಗಿತ್ತು.
ನನಗೂ ಗೊತ್ತಿರಲಿಲ್ಲ.

ಲೀಗಿನವರು ಫೋನಿನಲ್ಲಿ ನಕ್ಕರು:
"ಸಹಿ ಬಿದ್ದಾಗಿದೆ, ಬಿಡ್ರಿ ಯಜಮಾನ್ರೇ."
ಬಚ್ಚರೆಡ್ಡಿ ನಗಲಿಲ್ಲ: "ಫ್ಲೆಕ್ಸ್ ಪ್ರಿಂಟಾಗಿ ಹೋಗಿದೆ."

ಬೆಳಿಗ್ಗೆ ಮೈದಾನದಲ್ಲಿ ಹುಡುಗರು ಮ್ಯಾಟಿಗೆ ಮೊಳೆ ಹೊಡೆಯುತ್ತಿದ್ದರು.
ಕ್ಯಾಪ್ಟನ್ ಲೋಹಿತಾಶ್ವನನ್ನು ಕರೆದು ಹೇಳಿದೆ.
ತೂಕ ತಪ್ಪಿದ ಗುಮಾಸ್ತ ಹೇಗೆ ಹೇಳಬೇಕೋ ಹಾಗೆ, ನಿಂತುಕೊಂಡು.
ಸುತ್ತಿಗೆ ನಿಂತಿತು.
ತೌಸೀಫ್ ತನ್ನ ಕೈ ತಾನೇ ನೋಡಿಕೊಂಡ.
ಒಬ್ಬ ನನ್ನನ್ನು ಬೈದ, ತೆಲುಗಿನಲ್ಲಿ, ಮೆಲ್ಲಗೆ. ಕೇಳಿಸಿತು.
ಲೋಹಿತಾಶ್ವ ಬಹಳ ಹೊತ್ತು ಮಣ್ಣು ಕೆದಕಿ
"ಹಂಗಾದ್ರೆ ಆರು ತಿಂಗಳು ಅವರ ಹತ್ರ ಇರ್ಲಿ ಸಾರ್,
ಮೊದಲ ಆರು ತಿಂಗಳು ನಮ್ಮದು" ಎಂದ.
ಆಮೇಲೆ, "ಬೇಡ, ಮೊದಲು ಅವರದೇ."

ಚಿಂತಾಮಣಿ ಬಸ್ಸಿನಲ್ಲಿ ಕಪ್ಪು ನನ್ನ ತೊಡೆಯ ಮೇಲೆ,
ಇಬ್ಬರು ಹುಡುಗರು ಎಡಕ್ಕೆ ಬಲಕ್ಕೆ.
"ಇದಕ್ಕೂ ಟಿಕೆಟ್ಟಾ?" ಕಂಡಕ್ಟರ್ ಕೇಳಿದ.
"ಅರ್ಧ" ಎಂದ ತೌಸೀಫ್.
ನಮ್ಮೂರ ಸರ್ಕಲ್ಲಿನಲ್ಲಿ ಫ್ಲೆಕ್ಸ್ ಕಟ್ಟಿದ್ದರು.
'ಮೂರು' ಅನ್ನುವುದರ ಮೇಲೆ ಬಿಳಿ ಕಾಗದ ಅಂಟಿಸಿ
ಯಾರೋ ಸ್ಕೆಚ್ ಪೆನ್ನಿನಲ್ಲಿ ಬರೆದಿದ್ದರು: 'ಎರಡೂವರೆ'.
ಊ ಸೊಟ್ಟಗಿತ್ತು.
ಗಾಳಿಗೆ ಕಾಗದ ಎದ್ದೆದ್ದು ಬೀಳುತ್ತಿತ್ತು,
ಕೆಳಗಿನ ಮೂರು ಕಾಣುವುದು, ಮುಚ್ಚುವುದು.