ಅರೆಕ್ಷಣ ತಡವಾಗಿ

ಕೆಮ್ಮಿನ ಔಷಧಕ್ಕೆಂದು ಬಂದ ಮುದುಕರು
ಬಾಯಿ ತೆರೆದದ್ದೇ ತಡ,
ವುಚ್ ನಗರದ ನನ್ನ ಅಂಗಡಿಯಲ್ಲಿ, ಟ್ರಾಮ್ ಹಳಿಯ ಪಕ್ಕ,
ಸಾಲಿನಲ್ಲಿದ್ದ ಏಳು ಮಂದಿಯೂ ಗಪ್‌ಚಿಪ್.
ಛತ್ರಿ ಮಡಚುತ್ತಿದ್ದ ಹೆಂಗಸು ಅರ್ಧಕ್ಕೇ ನಿಂತಳು,
ನೀರು ತೊಟ್ಟಿಕ್ಕುತ್ತಿತ್ತು ಅವಳ ಬೂಟಿನ ಮೇಲೆ.
ಮುಖ ಯಾರಿಗೂ ಗೊತ್ತಿಲ್ಲ.
ಗಂಟಲು ಗೊತ್ತು.

ನಮ್ಮ ಪೋಲೆಂಡಿನಲ್ಲಿ ಹೊರನಾಡಿನ ಚಿತ್ರಗಳಿಗೆಲ್ಲ
ಒಬ್ಬನೇ ಓದುಗ. ರಾಣಿಗೂ ಅವನೇ, ಕಳ್ಳನಿಗೂ ಅವನೇ,
ಅಳುವ ಕೂಸಿಗೂ, ಗುಂಡು ತಿಂದು ಬಿದ್ದವನಿಗೂ.
ಆಡುವವರು ಅಡಿಯಲ್ಲೆಲ್ಲೋ ಪಿಸುಗುಡುತ್ತಿರುತ್ತಾರೆ,
ಅರೆಕ್ಷಣ ಬಿಟ್ಟು ಮೇಲೆ ಈ ದನಿ,
ರೈಲು ಎಷ್ಟು ಹೊತ್ತಿಗೆ ಎಂದು ಸಾರುವವನ ಹಾಗೆ:
"ನನ್ನನ್ನು ಬಿಟ್ಟು ಹೋಗಬೇಡ."
"ಮನೆಗೆ ಬೆಂಕಿ ಬಿದ್ದಿದೆ."
"ಮ್ಯಾ."
ಕೊನೆಗೆ, ಸಂಗೀತ ಏರುವ ಮುಂಚೆ, ಅದೇ ಸಪ್ಪೆ ರಾಗದಲ್ಲಿ,
"ಓದಿದವರು, ಬೊಗುಮಿಲ್ ಜರೆಂಬಾ."

ಗುರುವಾರ ಸಂಜೆ ಇಡೀ ಕಟ್ಟಡದ ಮಕ್ಕಳು
ಮೂರನೇ ಮಹಡಿಯ ಹಾಲ್ಶ್ಕಾ ಅತ್ತೆಯ ಜಮಖಾನೆ ಮೇಲೆ,
ಕಾಲ್ಚೀಲದ ತೂತು ಬಚ್ಚಿಟ್ಟುಕೊಂಡು.
ಬೀಟ್‌ರೂಟ್ ಬೇಯುವ ವಾಸನೆ.
ಟೀವಿಗೆ ಎಡಗಡೆಯಿಂದ ಒಂದು ಗುದ್ದು.
(ಬಲಗಡೆ ಗುದ್ದಿದರೆ ಚಿತ್ರ ಮುನಿಸಿಕೊಂಡು ಹೋಗುತ್ತಿತ್ತು.)
ಆಗ ಬರುತ್ತಿತ್ತು, ಅಂಚೆ ಹಂಚುವ ಬಸವನಹುಳ,
ಬೆನ್ನ ಮೇಲೆ ಚಿಪ್ಪು, ಚಿಪ್ಪಿನ ಮೇಲೆ ಚೀಲ,
ಚೀಲದೊಳಗೆ ಒಂದೇ ಒಂದು ಕಾಗದ,
ಗುಡ್ಡದಾಚೆಯ ಮೇಕೆಗೆ.
ಹಿಂದೆ ನುಡಿಯುವ ಪಿಟೀಲಿನ ಟೇಪು ಎಲ್ಲೋ ಎಳೆದುಹೋಗಿತ್ತು,
ಒಂದು ಸ್ವರ ಪ್ರತಿವಾರವೂ ಜಾರಿ ಬೀಳುತ್ತಿತ್ತು.
ಈಗಲೂ ಪಾತ್ರೆ ತೊಳೆಯುವಾಗ
ಆ ಜಾರಿಕೆಯನ್ನೂ ಸೇರಿಸಿಯೇ ಗುನುಗುತ್ತೇನೆ.

ಹದಿಮೂರನೆಯ ವಾರ, ಹುಳ ಮೇಕೆಯ ಬಾಗಿಲು ತಟ್ಟಿತು,
ಕರೆಂಟು ಹೋಯಿತು.
ಕತ್ತಲಲ್ಲೇ ಕೂತೆವು. ಮೇಣದ ಬತ್ತಿ ತಡಕುತ್ತ ಅತ್ತೆ
ಸರ್ಕಾರವನ್ನು ಬೈದರು, ಮೆಲ್ಲಗೆ,
ಗೋಡೆಗೆ ಕಿವಿಯಿದ್ದ ಕಾಲ ಅದು.
ಆ ಕಂತು ಮತ್ತೆ ಬರಲಿಲ್ಲ.

ಹಳೆಯದನ್ನು ಹಾಕಿ ತೋರಿಸಿದರೆ ಮಗ ನಗುತ್ತಾನೆ,
"ರಾಣಿಗೆ ಮೀಸೆಯ ದನಿಯೇ ಅಮ್ಮಾ?"
ಹೇಗೆ ಹೇಳಲಿ, ಎರಡನೇ ನಿಮಿಷಕ್ಕೇ
ಆ ದನಿ ಕೇಳಿಸುವುದು ನಿಂತು
ರಾಣಿಯೇ ನಮ್ಮ ಮಾತಾಡುತ್ತಿದ್ದಳೆಂದು;
ಅವರು ಅಳಲಿಲ್ಲ, ಹಾಗಾಗಿ
ಅಳುವ ಕೆಲಸ ನಮ್ಮ ಪಾಲಿಗೆ ಬಿತ್ತೆಂದು.

ಕೆರೆಯ ನಡುವೆ, ಬಾಡಿಗೆ ದೋಣಿಯಲ್ಲಿ,
ವಿಟೋಲ್ಡ್ ಮದುವೆಯ ಮಾತೆತ್ತಿ ತೊದಲಿದಾಗ
ಅರೆಕ್ಷಣ ಕಾದೆ.
ಒಳಗೆಲ್ಲೋ ಜರೆಂಬಾ ಓದಿದರು, ತೊದಲದೆ.
ಆಮೇಲೇ ನಾನು ಹೂಂ ಅಂದದ್ದು.
ಇದನ್ನು ಅವನಿಗೆ ಇಂದಿಗೂ ಹೇಳಿಲ್ಲ.

ಇವತ್ತು ತಡೆಯಲಾಗಲಿಲ್ಲ, ಕೇಳಿಯೇಬಿಟ್ಟೆ,
"ಆ ಕಾಗದ ಮೇಕೆಗೆ ಮುಟ್ಟಿತೇ?"
ಕನ್ನಡಕ ತೆಗೆದು ಕೋಟಿನ ತುದಿಯಲ್ಲಿ ಒರೆಸಿದರು.
"ನಾನು ಚಿತ್ರ ನೋಡುತ್ತಿರಲಿಲ್ಲ ತಾಯಿ, ಹಾಳೆ ನೋಡುತ್ತಿದ್ದೆ.
ಬೆಳಿಗ್ಗೆ ಕೊಡುವರು, ಸಂಜೆ ವಾಪಸು ಪಡೆಯುವರು.
ಯಾವ ಮೇಕೆ?"

ಸಾಲಿನ ಹಿಂದಿನಿಂದ ಒಬ್ಬ, ಬೋಳುತಲೆಯವನು,
"ಮುಟ್ಟಿತು" ಅಂದ.
"ಮೇಕೆ ಅದನ್ನು ತಿಂದುಬಿಟ್ಟಿತು, ಒಡೆದೂ ನೋಡದೆ.
ನಮ್ಮ ಬೀದಿಯಲ್ಲಿ ಕರೆಂಟಿತ್ತು."

ನಲವತ್ತು ವರ್ಷ!
ನಗಲೋ ಬೇಡವೋ ತಿಳಿಯದೆ ಸೀಸೆಗೆ ಚೀಟಿ ಅಂಟಿಸಿದೆ, ಸೊಟ್ಟಗೆ.
"ದಿನಕ್ಕೆ ಮೂರು ಸಲ, ಊಟವಾದ ಮೇಲೆ" ಅಂದೆ.
ಅರೆಕ್ಷಣ ಬಿಟ್ಟು ಅವರೂ ಅಂದರು,
"ದಿನಕ್ಕೆ ಮೂರು ಸಲ. ಊಟವಾದ ಮೇಲೆ."
ಅದೇ ರೈಲು ಸಾರುವ ದನಿ.
ನಾನು ಹೇಳಿದ್ದು ನನಗರ್ಥವಾದದ್ದು ಆಗ.

ಇಪ್ಪತ್ತಮೂರು ಜ್ಲೋಟಿ. ಅಂಗೈಯಲ್ಲಿ ಬರೀ ಚಿಲ್ಲರೆ,
ಗಟ್ಟಿಯಾಗಿ ಎಣಿಸತೊಡಗಿದರು, ಒಂದು, ಎರಡು, ಮೂರು.
ಹನ್ನೊಂದಕ್ಕೆ ತಪ್ಪಿ
ಮತ್ತೆ ಒಂದರಿಂದ ಶುರು ಮಾಡಿದರು.
ಹೊರಗೆ ಆರನೇ ನಂಬರ್ ಟ್ರಾಮ್ ಬಂದು ನಿಂತು ಹೊರಟುಹೋಯಿತು.
ಯಾರೂ ಅವಸರ ಮಾಡಲಿಲ್ಲ.